ಭಾವನ ಎಸಿ, ನನ್ನ ಲೆನ್ಸು
ಮಳೆಗಾಲದಲ್ಲಿ ತಾಮ್ಹಿಣಿ ಘಾಟ್ ಅಂದರೆ ನನಗೆ ಹಬ್ಬ. ಆದರೆ ಪುಣೆ ಬಿಟ್ಟ ಕೂಡಲೇ ಭಾವ ಎಸಿಯನ್ನು 18ಕ್ಕೆ ಇಡುತ್ತಾರೆ. ಹೊರಗೆ ಜಡಿಮಳೆ, ಒಳಗೆ ನಾವು ಶಾಲು ಹೊದ್ದು ಕೂತಿರುತ್ತೇವೆ!

ಮೊನ್ನೆ ಮುಳಶಿ ದಾಟಿ ಇಳಿದೆ. ಎದುರಿನ ಬಂಡೆ ಮೇಲೆ ಮಲಬಾರ್ ವಿಸಲಿಂಗ್ ಥ್ರಷ್ ಹಕ್ಕಿ, ಭುಜದ ಮೇಲೆ ಆ ಮಿರಿಮಿರಿ ನೀಲಿ. ಕ್ಯಾಮೆರಾ ಎತ್ತಿದರೆ ಬರೀ ಬಿಳುಪು. ತಣ್ಣಗಾದ ಗಾಜಿಗೆ ತೇವದ ಗಾಳಿ ತಾಗಿದರೆ ಹನಿ ಕಟ್ಟುತ್ತೆ ಅಲ್ವಾ? ಒರೆಸಿದೆ, ಮತ್ತೆ ಕಟ್ಟಿತು. ಒರೆಸಿದೆ, ಮತ್ತೆ. ಹಕ್ಕಿ ಕಾಯುತ್ತಾ?

"ಸುಮ್ನೆ ಮೊಬೈಲಲ್ಲಿ ತೆಗಿಯೋ" ಅಂದರು ಭಾವ. ತಾವೇ ತೆಗೆದರು ಕೂಡ. ಬಂಡೆ ಮೇಲೊಂದು ಕಪ್ಪು ಚುಕ್ಕೆ. ಅದನ್ನು ಮನೆಯವರ ಗ್ರೂಪಿಗೆ ಹಾಕಿದರು. ಅಕ್ಕ ಹಾರ್ಟ್ ಬೇರೆ ಒತ್ತಿದ್ದಾಳೆ.