ಇಲ್ಲಿ ಜನರಿಲ್ಲ, ನಮ್ಮಲ್ಲಿ ಆದೇಶವಿಲ್ಲ

2022ರ ಬೇಸಿಗೆಯಲ್ಲಿ ಬ್ರಿಟನ್ನಿನ ನಿರುದ್ಯೋಗ ಪ್ರಮಾಣ 1974ರಿಂದೀಚೆಗಿನ ಅತ್ಯಂತ ಕೆಳಮಟ್ಟಕ್ಕೆ ಇಳಿದಿತ್ತು. ಖಾಸಗಿಯವರು ಕೂಲಿ ಏರಿಸಿ ಕೆಲಸಗಾರರನ್ನು ಸೆಳೆದುಕೊಂಡರು. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ ಹಿಂದೆ ಬಿತ್ತು. ಇಂಗ್ಲೆಂಡ್‌ ಒಂದರಲ್ಲೇ 40 ಸಾವಿರಕ್ಕೂ ಹೆಚ್ಚು ನರ್ಸ್ ಹುದ್ದೆಗಳು ಖಾಲಿ ಇದ್ದವು. ಆ ಡಿಸೆಂಬರಿನಲ್ಲಿ ನರ್ಸ್‌ಗಳ ಸಂಘ ತನ್ನ ಇತಿಹಾಸದಲ್ಲೇ ಅತಿ ದೊಡ್ಡ ಮುಷ್ಕರ ಹೂಡಿತು.

ಇದು ಸರ್ಕಾರ ಕೈಯಾರೆ ತಂದುಕೊಂಡ ಕೊರತೆ. ವರ್ಷಗಟ್ಟಲೆ ಸಂಬಳ ಬೆಲೆಯೇರಿಕೆಗಿಂತ ಹಿಂದೆ ಉಳಿಯಿತು. 2017ರಲ್ಲಿ ನರ್ಸಿಂಗ್ ವಿದ್ಯಾರ್ಥಿವೇತನವನ್ನು ರದ್ದು ಮಾಡಿ ಸಾಲದ ದಾರಿ ತೋರಿಸಿದರು, ಅರ್ಜಿಗಳು ಕುಸಿದವು. 2020ರಲ್ಲಿ ವರ್ಷಕ್ಕೆ ಕನಿಷ್ಠ 5 ಸಾವಿರ ಪೌಂಡ್ ಸಹಾಯಧನ ಕೊಡಲಾರಂಭಿಸಿದರೂ ಆ ಹೊತ್ತಿಗೆ ಹಾನಿಯಾಗಿತ್ತು. ಅದೇ ವರ್ಷ ಆರೋಗ್ಯ ಸಿಬ್ಬಂದಿಗೆಂದೇ ಪ್ರತ್ಯೇಕ ವೀಸಾ ಬಂತು. ಕೊರತೆ ತುಂಬಲು ಬಂದವರಲ್ಲಿ ನಮ್ಮವರೂ ಇದ್ದಾರೆ.

ನಾನಿರುವ ಬ್ರಿಟನ್ನಿನ ಆಸ್ಪತ್ರೆ ವಾರ್ಡಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನನಗೆ ಹೆಮ್ಮೆಯಾಗುತ್ತದೆ, ಹಿಂದೆಯೇ ಸಂಕಟವೂ ಆಗುತ್ತದೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಹುದ್ದೆಗಳು ಖಾಲಿ ಇವೆ, ಕಲಿತವರೂ ಇದ್ದಾರೆ. ನಡುವೆ ಇಲ್ಲದಿರುವುದು ನೇಮಕಾತಿ ಆದೇಶ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು 2023ರ ಆರಂಭದಲ್ಲಿ ಸೇವೆ ಕಾಯಂ ಮಾಡಿ ಎಂದು ಬೆಂಗಳೂರಿನಲ್ಲಿ ಧರಣಿ ಕೂತರು. ಕೋವಿಡ್‌ನಲ್ಲಿ ದುಡಿದವರನ್ನು ಬೀದಿಯಲ್ಲಿ ಕೂರಿಸಿದ್ದು ಅನ್ಯಾಯ. ಕರ್ನಾಟಕ ಲೋಕಸೇವಾ ಆಯೋಗ ತುಂಬುವ ಗೆಜೆಟೆಡ್ ಪ್ರೊಬೇಷನರ್ಸ್, ಅಂದರೆ ತಹಶೀಲ್ದಾರರಂಥ ಅಧಿಕಾರಿಗಳ ಹುದ್ದೆಗಳದ್ದೂ ಬೇರೆ ಕಥೆಯಲ್ಲ: 384 ಹುದ್ದೆಗಳಿಗೆ 2024ರ ಆಗಸ್ಟ್‌ನಲ್ಲಿ ನಡೆದ ಪೂರ್ವಭಾವಿ ಪರೀಕ್ಷೆಯನ್ನು ಕನ್ನಡ ಪ್ರಶ್ನೆಪತ್ರಿಕೆಯ ತಪ್ಪುಗಳಿಂದಾಗಿ ಡಿಸೆಂಬರಿನಲ್ಲಿ ಮತ್ತೆ ನಡೆಸಬೇಕಾಯಿತು. ಮರುಪರೀಕ್ಷೆಯ ಅನುವಾದದ ಮೇಲೂ ದೂರುಗಳು ಬಂದವು. ಕನ್ನಡ ನಾಡಿನ ಆಯೋಗಕ್ಕೆ ಇದು ಸಲ್ಲದು.

ಇಲ್ಲಿನ ಪದ್ಧತಿಯಲ್ಲಿ ನಾನು ಮೆಚ್ಚುವುದು ಅದರ ಸ್ಪಷ್ಟತೆ. ಆಸ್ಪತ್ರೆಯೇ ಜಾಹೀರಾತು ಕೊಡುತ್ತದೆ, ಸಂಬಳದ ಶ್ರೇಣಿ ಅದರಲ್ಲೇ ಇರುತ್ತದೆ, ಎಷ್ಟೋ ಸಲ ಸಂದರ್ಶನದ ದಿನಾಂಕವೂ ಇರುತ್ತದೆ. ಸೇರಿದ ಮೊದಲ ದಿನದಿಂದಲೇ ಕೆಲಸದ ವೇಳೆಯ ಹೊಂದಾಣಿಕೆ ಕೇಳುವ ಹಕ್ಕಿದೆ. ಚಿಕ್ಕ ಮಕ್ಕಳ ತಾಯಂದಿರು ಕೆಲಸ ಬಿಡದಿರಲು ಸಂಬಳದಷ್ಟೇ ಇದೂ ಕಾರಣ. ನಮ್ಮಲ್ಲಿ ಇಂಥ ಅವಕಾಶದ ಮಾತೇ ಏಳುವುದಿಲ್ಲ.

ಹಾಗೆಂದು ನೇಮಕವನ್ನೆಲ್ಲ ಆಸ್ಪತ್ರೆಗಳ ಕೈಗೆ ಬಿಡಿ ಎಂದು ನಾನು ಹೇಳಲಾರೆ. ಶಿಫಾರಸು, ಲಂಚ ನುಗ್ಗುವ ಕಡೆ ಸಾಮಾನ್ಯ ಪರೀಕ್ಷೆಯೇ ಬಡವರ ಮಕ್ಕಳಿಗೆ ರಕ್ಷಣೆ. ಪರೀಕ್ಷೆ ಇರಲಿ, ಅದು ಹೇಳಿದ ದಿನ ನಡೆಯಲಿ. ಯಾರು ಯಾವ ತಿಂಗಳು 60 ತುಂಬಿ ನಿವೃತ್ತರಾಗುತ್ತಾರೆ ಎಂಬುದು ಸೇವಾ ಪುಸ್ತಕದಲ್ಲೇ ಬರೆದಿದೆ. ಅದನ್ನು ನೋಡಿ ಒಂದು ವರ್ಷ ಮೊದಲೇ ಅಧಿಸೂಚನೆ ಹೊರಡಿಸಬೇಕು, ಅಲ್ಲೇ ಗುತ್ತಿಗೆಯಲ್ಲಿ ದುಡಿದವರಿಗೆ ಸೇವೆಯ ವರ್ಷಕ್ಕಿಷ್ಟು ಎಂದು ಕೃಪಾಂಕ ಕೊಡಬೇಕು. ಇದಕ್ಕೆ ಹೊಸ ಆಯೋಗವಾಗಲಿ ಸಮಿತಿಯಾಗಲಿ ಬೇಕಿಲ್ಲ. ಆರ್ಥಿಕ ಇಲಾಖೆ ಹುದ್ದೆ ತುಂಬುವ ಕಡತವನ್ನು ತಡೆದಿಡುವುದನ್ನು ನಿಲ್ಲಿಸಬೇಕು.