ದೋಣಿ ಹೋಗುವುದು ಬಿಸಿಲಿನ ಮೇಲಲ್ಲ

ಮುರುಡೇಶ್ವರದ ದಂಡೆಯಲ್ಲಿ ನಿಂತು, ದೋಣಿ ಯಾಕೆ ಹೋಗುವುದಿಲ್ಲ ಎಂದು ನಾನೂ ಜಗಳವಾಡಿದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಬರೆಯಹೊರಟಿರುವುದು ಅಂಥ ಜಗಳಗಂಟರ ಮೇಲೆಯೇ.

ನವೆಂಬರಿನಲ್ಲಿ ಅಣ್ಣನ ಮಗಳು ಬೆಂಗಳೂರಿನಿಂದ ಬಂದವಳು, "ಅತ್ತೆ, ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡೋಣ" ಎಂದಳು. ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಿನೊಳಗೆ ಇಳಿಯುವುದು. ನನಗೆ ಐವತ್ತಮೂರು. ನಮ್ಮ ಶಿರಸಿಯಿಂದ ಕುಮಟಾದ ಸಮುದ್ರಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರು. ಆದರೂ ಮೊಣಕಾಲಿನ ಮೇಲೆ ಉಪ್ಪುನೀರು ತಾಗಿಸಿಕೊಂಡವಳಲ್ಲ. ಘಟ್ಟದ ಮೇಲಿನ ನಮ್ಮಂಥವರಿಗೆ ಕಡಲೆಂದರೆ ಗೋಕರ್ಣಕ್ಕೆ ಹೋದಾಗ ಸೆರಗು ಸಿಕ್ಕಿಸಿ ಮೂರು ಬಾರಿ ನೀರು ಚಿಮುಕಿಸಿಕೊಂಡು ಹಿಂದೆ ಬರುವ ಜಾಗ.

ಅವಳ ಮೊಬೈಲಿನಲ್ಲಿ ಎಲ್ಲ ಬರೆದಿಟ್ಟಾಗಿತ್ತು. ಶನಿವಾರ ನೇತ್ರಾಣಿ, ಭಾನುವಾರ ಬೆಳಿಗ್ಗೆ ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮಧ್ಯಾಹ್ನ ಗೋಕರ್ಣದ ಓಂ ಬೀಚು, ರಾತ್ರಿ ಬೆಂಗಳೂರು ಬಸ್ಸು. ಚಹಾ ಕುಡಿಯುವುದಕ್ಕೂ ಸಂದು ಇರಲಿಲ್ಲ.

ಶನಿವಾರ ಏಳು ಗಂಟೆಗೆ ಇಪ್ಪತ್ತು ಜನ ದಂಡೆಯಲ್ಲಿ ಸೇರಿದ್ದೆವು. ದೋಣಿ ನಡೆಸುವ ತಾಂಡೇಲ ಸುಮಾರು ಹೊತ್ತು ನೀರು ನೋಡಿದ, ಯಾರಿಗೋ ಫೋನು ಮಾಡಿದ, ಮತ್ತೆ ನೀರು ನೋಡಿದ. ಆಮೇಲೆ, "ಇವತ್ತು ದೋಣಿ ಹೋಗುವುದಿಲ್ಲ" ಎಂದ. ಸರಿ, ಶುರುವಾಯಿತು. ಒಬ್ಬ ಹುಡುಗ ಮುಂಗಡ ಕೊಟ್ಟ ರಸೀದಿ ತೋರಿಸಿದ. ಒಬ್ಬರು ಇವರದ್ದೆಲ್ಲ ದುಡ್ಡು ಹೊಡೆಯುವ ಉಪಾಯ ಎಂದರು. ನಾನು ದೊಡ್ಡ ತಿಳಿದವಳಂತೆ, "ಒಂದು ಮೋಡವೂ ಇಲ್ಲ, ಇಷ್ಟು ಚೆನ್ನಾಗಿ ಬಿಸಿಲಿದೆಯಲ್ಲ?" ಎಂದೆ.

"ಅಕ್ಕಾ, ದೋಣಿ ಹೋಗುವುದು ಬಿಸಿಲಿನ ಮೇಲಲ್ಲ."

ಹೋಗುವುದೇನೋ ಹೋಗಬಹುದು, ಕಷ್ಟ ಇರುವುದು ನೀರಿನಿಂದ ಮೇಲೆ ಹತ್ತುವಾಗ ಎಂದು ಆತ ವಿವರಿಸಿದ. ಅಲೆ ಎದ್ದಾಗ ದೋಣಿ ಆಳೆತ್ತರ ಮೇಲೇರಿ ದೊಪ್ಪನೆ ಕೆಳಗಿಳಿಯುತ್ತದೆ. ಏಣಿ ಹಿಡಿಯಲು ಬಂದವನ ತಲೆಯ ಮೇಲೆಯೇ ಇಳಿದರೂ ಇಳಿಯಿತು. ನಾನು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಜಗಳ ಮುಗಿದ ಮೇಲೆ, ಇಪ್ಪತ್ತು ಜನರ ಹಣ ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ಆ ದಿನ ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು ಅವನು. ಮಳೆಗಾಲದ ನಾಲ್ಕು ತಿಂಗಳು ಹೇಗೂ ಈ ಕೆಲಸ ಬಂದ್. ಉಳಿದ ದಿನಗಳಲ್ಲಿ ಒಂದನ್ನು ಅವನು ತಾನಾಗಿಯೇ ಬಿಟ್ಟುಕೊಟ್ಟಿದ್ದ, ಬೈಗುಳವನ್ನೂ ತಿಂದ.

ಮರುದಿನ ಕಡಲು ತಣ್ಣಗಿತ್ತು. ದೋಣಿ ಹತ್ತುವ ಮೊದಲು ಒಂದು ಅರ್ಜಿ ಕೊಟ್ಟರು. ಅಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ, ರಕ್ತದೊತ್ತಡಕ್ಕೆ ಮಾತ್ರೆ ಇದೆಯೇ. ನಾನು ಆರು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ. "ಇಲ್ಲ ಅಂತ ಬರೆದುಬಿಡು ಅತ್ತೆ, ಯಾರು ನೋಡುತ್ತಾರೆ?" ಎಂದು ಅಣ್ಣನ ಮಗಳು ಪಿಸುಗುಟ್ಟಿದಳು. ಹಿಂದಿನ ದಿನದ ನಾಚಿಕೆ ಇನ್ನೂ ಹಸಿಯಾಗಿದ್ದುದರಿಂದಲೋ ಏನೋ, ಇದೆ ಎಂದೇ ಬರೆದೆ. ಕಲಿಸುವ ಹುಡುಗ ಓದಿ, ವೈದ್ಯರ ಪತ್ರವಿಲ್ಲದೆ ಕೆಳಗಿಳಿಸುವುದಿಲ್ಲ, ಬೇಕಾದರೆ ಲೈಫ್ ಜಾಕೆಟ್ ಹಾಕಿ ಮೇಲಿನಿಂದಲೇ ನೋಡಬಹುದು ಎಂದ. ಎರಡು ದಿನದಲ್ಲಿ ಎರಡನೆಯ "ಇಲ್ಲ".

ನೇತ್ರಾಣಿ ದಂಡೆಯಿಂದ ಸುಮಾರು 19 ಕಿಲೋಮೀಟರು. ಒಂದೂವರೆ ಗಂಟೆಯ ದಾರಿಯಲ್ಲಿ ಹಿಂದೆ ತಿರುಗಿದಾಗಲೆಲ್ಲ ಶಿವನ ವಿಗ್ರಹ ಸಣ್ಣದಾಗುತ್ತ ಹೋಯಿತು. ರಸೀದಿ ತೋರಿಸಿದ ಹುಡುಗ ಅರ್ಧ ದಾರಿಯಲ್ಲೇ ಮೀನುಗಳಿಗೆ ನೈವೇದ್ಯ ಮಾಡಿದ. ದ್ವೀಪದ ಮೇಲೆ ಯಾರೂ ಇಳಿಯಲಿಲ್ಲ. ಸುತ್ತಲೂ ಕಡಿದಾದ ಬಂಡೆ, ಅದರ ಮೇಲೆ ದಟ್ಟ ಕಾಡು. ಹರಕೆ ಹೊತ್ತ ಮೀನುಗಾರರು ಅಲ್ಲಿಯ ಜಟ್ಟಿಗ ದೇವರಿಗೆ ಆಡುಗಳನ್ನು ತಂದು ಬಿಡುವುದು ಹಳೆಯ ರೂಢಿ. ಹಿಂದೆ ನೌಕಾಪಡೆ ಇದೇ ಬಂಡೆಯನ್ನು ಗುರಿಯಾಗಿಟ್ಟುಕೊಂಡು ಗುಂಡು ಹಾರಿಸಿ ಅಭ್ಯಾಸ ಮಾಡುತ್ತಿತ್ತು ಎನ್ನುವುದೂ ಸತ್ಯ. ದೇವರು, ಆಡು, ಫಿರಂಗಿ ಗುಂಡು, ಈಗ ನಾವು! ಬಿಳಿ ಹೊಟ್ಟೆಯ ಕಡಲ ಹದ್ದೊಂದು ಮಾತ್ರ ಇದು ಯಾವುದೂ ತನಗೆ ಸಂಬಂಧವಿಲ್ಲ ಎನ್ನುವಂತೆ ಮೇಲೆ ಸುತ್ತುತ್ತಿತ್ತು.

ಮುಖ ನೀರಿನಲ್ಲಿಟ್ಟೆ. ಮೊದಲ ಐದು ನಿಮಿಷ ಕಂಡಿದ್ದೇನೂ ಇಲ್ಲ, ಕೇಳಿಸಿದ್ದು ನನ್ನದೇ ಉಸಿರು, ಹಳೆಯ ಕೊಡಪಾನದಲ್ಲಿ ಗಾಳಿ ತುಂಬಿದಂತೆ. ಆಮೇಲೆ ಬಂಡೆಯ ಬುಡ ಕಂಡಿತು. ಗಿಳಿಯ ಕೊಕ್ಕಿನಂಥ ಬಾಯಿಯ ಹಸಿರು ಮೀನೊಂದು ಬಂಡೆಯನ್ನು ಕೆರೆದು ತಿನ್ನುತ್ತಿತ್ತು. ಅದರಾಚೆ ಹಳದಿ ಪಟ್ಟೆಯ ಚಪ್ಪಟೆ ಮೀನುಗಳು ಜೋಡಿ ಜೋಡಿಯಾಗಿ. ಕೈಕಾಲು ಆಡಿಸುವುದನ್ನು ಯಾವಾಗ ನಿಲ್ಲಿಸಿದೆನೋ ಗೊತ್ತಿಲ್ಲ, ಹಾಗೇ ತೇಲಿಕೊಂಡಿದ್ದೆ. ಅಣ್ಣನ ಮಗಳು ಇನ್ನೂ ಕೆಳಗೆ, ಕಲಿಸುವವನ ಕೈ ಹಿಡಿದು, ಗುಳ್ಳೆಗಳ ಸರ ಬಿಡುತ್ತಿದ್ದಳು. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದಂತೆ. ಕಿವಿ ಕಟ್ಟಿದಾಗ ಮೂಗು ಹಿಡಿದು ಮೆಲ್ಲನೆ ಗಾಳಿ ಒತ್ತಬೇಕು, ಉಸಿರನ್ನು ಮಾತ್ರ ಎಂದೂ ಹಿಡಿದಿಡಬಾರದು. ದೇವಿಮನೆ ಘಟ್ಟ ಇಳಿಯುವಾಗ ಬಸ್ಸಿನಲ್ಲಿ ನಮ್ಮ ಕಿವಿ ಟಪ್ ಎನ್ನುವುದಿಲ್ಲವೇ, ಅದೇ ಸಂಗತಿ, ಅದಕ್ಕಿಂತ ಬಹಳ ಬೇಗ.

ಈ ಊರುಗಳಲ್ಲಿ ಸಾಹಸ ಎಂದು ಮಾರುತ್ತಿರುವ ಪದಾರ್ಥದಲ್ಲಿ ನಿಜವಾಗಿ ಬೆಲೆ ಕೊಡಬೇಕಾದದ್ದು ಆ "ಇಲ್ಲ"ಕ್ಕೆ ಎಂದು ನನಗೆ ಅನ್ನಿಸಿದೆ. ನಾವು ಮಾಡುವುದು ಉಲ್ಟಾ. ಗಾಳಿಯಿದ್ದರೂ ಕರೆದುಕೊಂಡು ಹೋದವನಿಗೆ ಐದು ನಕ್ಷತ್ರ, ನಿಲ್ಲಿಸಿದವನಿಗೆ ಒಂದು. ಪಕ್ಕದ ದೋಣಿಯವನು ಹೋಗುತ್ತಾನೆ ಎಂದು ಗೊತ್ತಾದರೆ ಅಲ್ಲಿಗೆ ಓಡುತ್ತೇವೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಸತ್ತವರಲ್ಲಿ ಬಹಳ ಮಂದಿ ಹಾವೇರಿ ಕಡೆಯವರು, ನಮ್ಮ ಹಾಗೆಯೇ ಘಟ್ಟದ ಮೇಲಿನವರು, ಸಮುದ್ರದ ಮರ್ಜಿ ಓದಲು ಬಾರದವರು. ದೋಣಿಗೆ ತಾಳುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು ಎಂದು ಆಗ ಪತ್ರಿಕೆಗಳು ಬರೆದವು. ಹತ್ತಿದವರನ್ನು ದೂರುವುದು ನನ್ನ ಉದ್ದೇಶವಲ್ಲ. ಜಾತ್ರೆಯ ಸಂಜೆ ಎಲ್ಲರಿಗೂ ಮನೆಗೆ ಹೋಗುವ ಗಡಿಬಿಡಿ. "ನೀವು ಇಷ್ಟು ಜನ ಇಳಿಯಿರಿ" ಎನ್ನುವ ಒಂದು ಗಟ್ಟಿ ದನಿ ಅಲ್ಲಿ ಇರಬೇಕಿತ್ತು, ಆ ದನಿಗೆ ಎದುರಾಡದ ಕಿವಿಗಳೂ.

ನಮ್ಮ ಹೊನ್ನಾವರ, ಗೋಕರ್ಣ ಎರಡೂ ತಪ್ಪಿದವು. ಅಣ್ಣನ ಮಗಳು ಸೋಮವಾರ ರಜೆ ಹಾಕಿದಳು. ನೀರಿನೊಳಗಿನ ಅವಳ ವಿಡಿಯೊ ಈಗ ಮನೆಮಂದಿಯ ಮೊಬೈಲುಗಳಲ್ಲೆಲ್ಲ ಓಡಾಡುತ್ತಿದೆ. ನನ್ನದು ಒಂದೇ ಫೋಟೊ, ಕಿತ್ತಳೆ ಜಾಕೆಟ್ಟಿನಲ್ಲಿ ಬೆನ್ನು ಮಾತ್ರ ಕಾಣುವಂತೆ ತೇಲುತ್ತಿರುವುದು. "ಇದು ನೀನು ಎನ್ನುವುದಕ್ಕೆ ಏನು ಆಧಾರ?" ಎಂದು ಅಣ್ಣ ಕೇಳಿದ.

ಮುಂದಿನ ಪುಷ್ಯದ ಹುಣ್ಣಿಮೆಗೆ ಕೂರ್ಮಗಡದ ಜಾತ್ರೆಗೆ ಹೋಗಬೇಕೆಂದಿದ್ದೇನೆ. ಕಾರವಾರದಲ್ಲಿ ಮೂರು ರಾತ್ರಿಗೆ ಕೋಣೆ ಹೇಳಿದ್ದಾಗಿದೆ. ಒಂದು ದಿನದ ಕೆಲಸಕ್ಕೆ ಮೂರು ದಿನವೇ ಎಂದು ಅಣ್ಣನ ಮಗಳು ಗೊಣಗುತ್ತಿದ್ದಾಳೆ. ದೋಣಿ ಹೋಗದಿದ್ದರೆ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ಇದೆಯಲ್ಲ, ಅದನ್ನು ಹತ್ತಿ ನೋಡಿದರಾಯಿತು. ಮರಳಿನ ಮೇಲೆ ನಿಲ್ಲಿಸಿದ ಹಡಗು, ಅದಕ್ಕೆ ಗಾಳಿಯ ಹಂಗಿಲ್ಲ.