ಸಾಲಲ್ಲಿ ನಿಲ್ಲುವುದು ಹುಚ್ಚಲ್ಲ
ಒಂದು ಬಟ್ಟಲು ರಾಮೆನ್‌ಗೆ (ಸಾರಿನಲ್ಲಿ ಹಾಕಿ ಕೊಡುವ ಜಪಾನಿ ನೂಡಲ್ಸ್) ಗಂಟೆಗಟ್ಟಲೆ ಸಾಲಲ್ಲಿ ನಿಲ್ಲುವುದು ಹುಚ್ಚು ಅಂತ ಬರೆದಿದ್ದೀರಿ, ನಾನು ಒಪ್ಪುವುದಿಲ್ಲ. ಟೋಕಿಯೋದ ಸುಗಾಮೊದಲ್ಲಿದ್ದ ತ್ಸುತ ಅಂಗಡಿಯನ್ನೇ ನೋಡಿ. ಬರೀ 9 ಸೀಟು. 2015ರ ಕೊನೆಯಲ್ಲಿ ಮಿಶೆಲಿನ್ ಸ್ಟಾರ್ (ಒಳ್ಳೆ ಅಡುಗೆಯ ಹೋಟೆಲ್‌ಗಳಿಗೆ ಸಿಗುವ ಹೆಸರಾಂತ ಮನ್ನಣೆ) ಪಡೆದ ಮೊದಲ ರಾಮೆನ್ ಅಂಗಡಿ ಅದು. ಆಮೇಲೆ ಜನ ಎಷ್ಟು ಜಾಸ್ತಿಯಾದರು ಅಂದರೆ, ಬೆಳಗ್ಗೆಯೇ ಹೋಗಿ 1000 ಯೆನ್ ಮುಂಗಡ ಕಟ್ಟಿ ಟೋಕನ್ ತೆಗೆದುಕೊಂಡು, ಹೇಳಿದ ಹೊತ್ತಿಗೆ ಮತ್ತೆ ಬರಬೇಕಿತ್ತು, ಬಂದವರಿಗೆ ಆ ದುಡ್ಡು ವಾಪಸ್. ಬೀದಿಯವರಿಗೂ ತೊಂದರೆ ಇಲ್ಲ, ಒಳ್ಳೆ ಏರ್ಪಾಡು ಅಲ್ವಾ? ಸೋಯಾ ಸಾಸಿನ ಸಾರು, ಮೇಲೆ ಟ್ರಫಲ್ ಅನ್ನೋ ದುಬಾರಿ ಅಣಬೆಯ ಘಮ, ಅಷ್ಟು ಕಷ್ಟಪಟ್ಟು ಮಾಡಿದ್ದಕ್ಕೆ ಕಾಯಬಹುದು. 2019ರಲ್ಲಿ ಅಂಗಡಿ ಟೋಕಿಯೋದಲ್ಲೇ ಇರುವ ಯೊಯೊಗಿ ಉಏಹಾರಕ್ಕೆ ಹೋಯಿತು. ಇಂಥ ಚಿಕ್ಕ ಅಂಗಡಿಗಳಿಗೆ ಹೋಗುವವರು ದಯವಿಟ್ಟು ಫೋಟೋ ತೆಗೆಯುತ್ತಾ ಕೂರಬೇಡಿ, ನೂಡಲ್ಸ್ ಮೆತ್ತಗಾಗುತ್ತದೆ. ಬಿಸಿಬಿಸಿ ತಿಂದು ಎದ್ದುಬಿಡಿ, ಹೊರಗೆ ಜನ ಕಾಯುತ್ತಿರುತ್ತಾರೆ.